ಊರ ಬಾಯಿಗೆ ಮತ್ತೆ ಬೀಳುವ ಬಗ್ಗೆ

ಇಂದ,
ಅರ್ಜಿದಾರಳು,
ಬೇಕರಿ ಅಮ್ಮನ ಒಬ್ಬಳೇ ಮಗಳು,
ಹಸಿರು ಬಾಗಿಲ ಮನೆ.
(ಸದ್ಯದ ವಾಸ: ಕಾಲೇಜು ಹಾಸ್ಟೆಲ್, ಕೊನೇ ಮಹಡಿ, ನೀರಿನ ಟ್ಯಾಂಕಿಗೆ ತಾಗಿದ ಕೋಣೆ)

ಗೆ,
ಹೊಲಿಗೆ ಅತ್ತೆಯವರು ಉರುಫ್ ಡಂಗುರದತ್ತೆಯವರು,
ಎದುರುಮನೆ, ಮೂಲೆ ಕಿಟಕಿ.
(ಎರಡನೆಯ ಹೆಸರು ಊರು ಇಟ್ಟದ್ದು, ಅರ್ಜಿದಾರಳು ಇಟ್ಟದ್ದಲ್ಲ. ಗುರುತಿಗಾಗಿ ಮಾತ್ರ ಬಳಸಲಾಗಿದೆ.)

ಮುಖಾಂತರ: ಅರ್ಜಿದಾರಳ ತಾಯಿಯವರು, ಬೇಕರಿ.

ವಿಷಯ: ಅರ್ಜಿದಾರಳ ಸುದ್ದಿಯನ್ನು ಯಾರೂ ಆಡಬಾರದೆಂಬ ಆದೇಶವನ್ನು ಹಿಂಪಡೆದು, ಆಕೆಯನ್ನು ಮೊದಲಿನಂತೆ ಊರ ಬಾಯಿಗೆ ಹಾಕಿಕೊಳ್ಳುವ ಬಗ್ಗೆ.

ಉಲ್ಲೇಖ:
೧. ಅರ್ಜಿದಾರಳು ಕಾಲೇಜಿಗೆ ಹೊರಡುವ ಮುನ್ನ ತಮ್ಮ ಕಿಟಕಿಯ ಮುಂದೆ ನಿಂತು ಮಾಡಿದ ಮೌಖಿಕ ಗಲಾಟೆ.
೨. ಸದರಿ ಗಲಾಟೆಗೆ ತಾವು ಕೊಟ್ಟ ಉತ್ತರ: "ಆಯ್ತು."
೩. ನಿನ್ನೆ ಸಂಜೆ ತಾವು ಕತ್ತರಿ ಕೆಳಗಿಟ್ಟು ಹೇಳಿದ ಮಾತು: "ಬಾಯಿಮಾತು ಬೇಡ. ಬರೆದು ಕೊಡಿ."

ಮಾನ್ಯ ಅತ್ತೆಯವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಕೆಳಗಿನ ಸಂಗತಿಗಳಲ್ಲಿ ಮುಕ್ಕಾಲು ಪಾಲು ತಮಗೆ ಮೊದಲೇ ಗೊತ್ತು. ಊರಿನಲ್ಲಿ ತಮಗೆ ಗೊತ್ತಿಲ್ಲದ್ದು ಉಂಟೇ? ಆದರೂ ಬರವಣಿಗೆಗೆ ಇಳಿದ ಮೇಲೆ ಬುಡದಿಂದಲೇ ಬರಬೇಕೆಂಬುದು ಕಚೇರಿ ಪದ್ಧತಿಯಾದ ಕಾರಣ ಬುಡದಿಂದಲೇ ಬರಲಾಗಿದೆ. "ನಾನು, ನನಗೆ" ಎಂದು ಬರೆದರೆ ಮನೆಗೆ ಬರೆದ ಕಾಗದದಂತೆ ಕಾಣುವುದರಿಂದ, ಅರ್ಜಿದಾರಳನ್ನು ಉದ್ದಕ್ಕೂ ಅರ್ಜಿದಾರಳೆಂದೇ ಕರೆಯಲಾಗಿದೆ.

೧. ತಮ್ಮ ಹೊಲಿಗೆ ಯಂತ್ರ ಇರುವುದು ಮೂರು ರಸ್ತೆ ಕೂಡುವ ಮೂಲೆಯ ಕಿಟಕಿಯಲ್ಲಿ. ಕಾಲು ಪೆಡಲಿನ ಮೇಲೆ, ಕೈ ಬಟ್ಟೆಯ ಮೇಲೆ, ಕಣ್ಣು ಬೀದಿಯ ಮೇಲೆ. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ತಾವು ಆಡುವ ಮಾತು ಬೀದಿಯ ಆ ತುದಿಗೆ ಕೇಳಿಸುತ್ತದೆ. ಅಲ್ಲಿ ಕಟಿಂಗ್ ಶಾಪಿನ ಮಾವ ಅದನ್ನು ಎತ್ತಿಕೊಳ್ಳುತ್ತಾರೆ. ಅವರಿಂದ ಔಷಧಿ ಅಂಗಡಿಯ ಗುಳಿಗೆ ಅಣ್ಣ, ಗುಳಿಗೆ ಅಣ್ಣನಿಂದ ನೇರ ಬೇಕರಿ. ಬೇಕರಿಯ ಗಾಜಿನ ಕಪಾಟಿನ ಹಿಂದೆ ಅರ್ಜಿದಾರಳ ತಾಯಿ. ಈ ದಾರಿಯಲ್ಲಿ ಸುದ್ದಿ ಒಮ್ಮೆಯೂ ಎಡವಿದ್ದಿಲ್ಲ. ಅರ್ಜಿದಾರಳಾದರೋ ಅದೇ ದಾರಿಯನ್ನು ಕಾಲಿನಲ್ಲಿ ನಡೆದು ಬರಬೇಕಾದವಳು. ಆದ್ದರಿಂದ ಬುದ್ಧಿ ಬಂದಾಗಿನಿಂದ ಆಕೆ ತನ್ನ ಸುದ್ದಿಗಿಂತ ಹಿಂದೆಯೇ ಮನೆ ಮುಟ್ಟುತ್ತಿದ್ದಳು.

೨. ಒಂದು ನಿದರ್ಶನ ಸಾಕು. ಶಾಲೆಯ ಕೊನೇ ವರ್ಷದಲ್ಲಿ ಆಕೆ ವಿಶೇಷ ತರಗತಿ ಇದೆಯೆಂದು ಹೇಳಿ, ಗೆಳತಿಯೊಡನೆ ಮಧ್ಯಾಹ್ನದ ಸಿನಿಮಾಕ್ಕೆ ಹೋದಳು. ತಡವಾದರೆ ಅನುಮಾನ ಬಂದೀತೆಂದು ಕೊನೆಯ ಭಾಗ ಬಿಟ್ಟು ಎದ್ದು, ಉಸಿರು ಬಿಗಿಹಿಡಿದು ಓಡಿಬಂದಳು. ತಾಯಿ ಬ್ರೆಡ್ಡು ಕತ್ತರಿಸುತ್ತಿದ್ದರು.

"ಕ್ಲಾಸು ಹೇಗಿತ್ತು?"

"ಚೆನ್ನಾಗಿತ್ತಮ್ಮ. ಗಣಿತ."

"ಪಾಪ, ಕೊನೇಲಿ ಆ ಅಣ್ಣ ಸತ್ತೋಗ್ತಾನಂತಲ್ಲ."

ಸಿನಿಮಾದ ಅಣ್ಣ ಸಾಯುವುದು ಅರ್ಜಿದಾರಳಿಗೆ ಗೊತ್ತಾದದ್ದೇ ಆಗ. ಸುಳ್ಳು ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ನೋಡದ ಕಥೆಯೂ ಕೈಬಿಟ್ಟುಹೋದ ಹೊಟ್ಟೆಯುರಿ ಇನ್ನೊಂದು ಕಡೆ. ಗೆಳತಿಗೆ ಅದನ್ನು ಹೇಳಲು ಹೋದರೆ, ಅವಳ ಮನೆಯಲ್ಲೂ ಅಣ್ಣ ಆಗಲೇ ಸತ್ತಾಗಿತ್ತು.

೩. ಇಂಥವನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, ಹಾಕಿಕೊಳ್ಳಲಾಗಿತ್ತು ಕೂಡ. ಗಂಟಲಲ್ಲಿ ಸಿಕ್ಕಿಕೊಂಡದ್ದು ಸೀಟಿನ ಸಂಗತಿ. ದೊಡ್ಡ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದವರ ಹೆಸರು ಶಾಲೆಯ ಗೋಡೆಗೆ ಅಂಟಿಸಿದ ದಿನ ಅರ್ಜಿದಾರಳು ಒಬ್ಬಳೇ ಹೋಗಿ ನೋಡಿದಳು. ತನ್ನ ಹೆಸರು ಇತ್ತು. ಅದರ ಮೇಲೆ ಬೆರಳಿಟ್ಟು, ಬೆರಳು ತೆಗೆದು, ಮತ್ತೆ ನೋಡಿದಳು. ಆಗಲೂ ಇತ್ತು. ಅವಳ ತಾಯಿ ಬೆಳಗಿನ ಕತ್ತಲಲ್ಲಿ ಎದ್ದು ಹಿಟ್ಟು ನಾದಿ ನಾದಿ ಓದಿಸಿದವರು. ಆ ತಾಯಿಗೆ ಈ ಮಾತನ್ನು ಹೇಗೆ ಹೇಳಬೇಕೆಂದು ಯೋಚಿಸುತ್ತ ಅವಳು ಬೇಕೆಂದೇ ನಿಧಾನ ನಡೆದಳು. ಮೊದಲು ಮುಖ ಬಾಡಿಸಿಕೊಂಡು ನಿಂತು ಆಮೇಲೆ ಹೇಳುವುದೋ, ಸುಮ್ಮನೆ ಒಂದು ಬನ್ನು ಕೇಳಿ ತಿನ್ನುತ್ತ ಹೇಳುವುದೋ, ಹೀಗೆ ನಾನಾ ಬಗೆಯಲ್ಲಿ ಮಾತನ್ನು ತಿರುವಿ ಹಾಕುತ್ತ ಮೂಲೆ ತಿರುಗಿದಳು. ಕಟಿಂಗ್ ಶಾಪಿನ ಮಾವ ಸೋಪಿನ ಬ್ರಷ್ಷು ಹಿಡಿದೇ ಹೊರಗೆ ಬಂದು ಅವಳ ಕೈ ಕುಲುಕಿದರು. ಗುಳಿಗೆ ಅಣ್ಣ ಕೆಮ್ಮಿಗೆ ಚಪ್ಪರಿಸುವ ಗುಳಿಗೆಯ ಪೊಟ್ಟಣವೊಂದನ್ನು ಉಡುಗೊರೆಯಾಗಿ ಕೊಟ್ಟರು, ಕೆಮ್ಮು ಇಲ್ಲದಿದ್ದರೂ. ಬೇಕರಿ ಮುಟ್ಟಿದಾಗ ತಾಯಿ ಆಗಲೇ ಅತ್ತು ಮುಗಿಸಿ ಮುಖ ತೊಳೆದುಕೊಂಡಿದ್ದರು.

ಅರ್ಜಿದಾರಳ ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು. ಅದನ್ನು ಆಡಲು ಊರಿನಲ್ಲಿ ಕಿವಿಯೇ ಉಳಿದಿರಲಿಲ್ಲ.

೪. ಆ ಕಾರಣದಿಂದ, ಅದೇ ಕಾಲಿನಲ್ಲಿ ತಮ್ಮ ಕಿಟಕಿಗೆ ಬಂದು ಆಕೆ ಆಡಿದ ಮಾತು ಹೀಗಿದೆ: "ಅತ್ತೆ, ನನ್ನ ವಿಷಯ ನನ್ನದು. ಇನ್ನು ಮೇಲೆ ಅದು ನಿಮ್ಮ ಬಾಯಲ್ಲಿ ಬರಕೂಡದು. ಊರಿನಲ್ಲಿ ಯಾರ ಬಾಯಲ್ಲೂ ಬರಕೂಡದು. ನಾನು ಇದ್ದೀನೋ ಸತ್ತಿದ್ದೀನೋ, ಯಾರಿಗೂ ಹೇಳೋದು ಬೇಡ."

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ತಾವು ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಿರಿ. ಊರಿಗೆ ಊರೇ ತಮ್ಮ ಬಾಯಿಯತ್ತ ನೋಡುತ್ತಿತ್ತು. ತಾವು "ಆಯ್ತು" ಎಂದಿರಿ. ಅಷ್ಟೇ. ಅದಕ್ಕೆ "ಪುಟ್ಟಿ" ಎಂದು ಸೇರಿಸಲಿಲ್ಲ. ಅರ್ಜಿದಾರಳು ಗೆದ್ದೆನೆಂದುಕೊಂಡು ಪೆಟ್ಟಿಗೆ ಕಟ್ಟಿದಳು.

೫. ದೊಡ್ಡ ಊರಿನಲ್ಲಿ ಮೊದಮೊದಲು ಸ್ವರ್ಗಕ್ಕೆ ಮೂರೇ ಗೇಣು. ಎಲ್ಲಿಗೆ ಹೊರಟೆ, ಯಾಕೆ ತಡ, ಯಾರ ಜೊತೆ ನಗುತ್ತಿದ್ದೆ ಎಂದು ಕೇಳುವವರಿಲ್ಲ. ಸಿನಿಮಾಕ್ಕೆ ಹೋಗಿ ಕೊನೆಯ ಹೆಸರುಗಳು ಮುಗಿಯುವವರೆಗೂ ಕೂತಳು. ಸುಮ್ಮನೆ ರಸ್ತೆ ಸುತ್ತಿದಳು. ತಾಯಿಗೆ ಫೋನು ಮಾಡಿ, "ಇಲ್ಲಿ ಜನ ತುಂಬ ಒಳ್ಳೆಯವರಮ್ಮ, ಯಾರೂ ಮೂಗು ತೂರಿಸಲ್ಲ" ಎಂದು ಹೊಗಳಿದಳು.

೬. ಹೀಗಿರಲಾಗಿ ಒಂದು ಚಳಿಯ ದಿನ ಅರ್ಜಿದಾರಳು ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡು ಹೋದಳು. ಹೊಲಿಗೆಯ ಎಳೆಗಳೆಲ್ಲ ಹೊರಗೆ, ಕತ್ತಿನ ಹಿಂದೆ ಚೀಟಿ ಬಾವುಟದ ಹಾಗೆ ನೆಟ್ಟಗೆ. ಅದೇ ವೇಷದಲ್ಲಿ ತರಗತಿಯ ಮುಂದೆ ನಿಂತು ಪ್ರಬಂಧ ಓದಿದಳು. ಗ್ರಂಥಾಲಯಕ್ಕೆ ಹೋದಳು, ಸಾಲಿನಲ್ಲಿ ನಿಂತು ಊಟ ಮಾಡಿದಳು, ಬಸ್ಸಿನಲ್ಲಿ ಬಂದಳು. ಕೋಣೆಯ ಕನ್ನಡಿ ನೋಡಿದಾಗಲೇ ಗೊತ್ತಾದದ್ದು. ಕೋಣೆಯ ಗೆಳತಿ ಬೆಳಗಿನಿಂದ ಜೊತೆಯಲ್ಲೇ ಇದ್ದವಳು.

"ನೀನು ನೋಡಲಿಲ್ವಾ?"

"ನೋಡಿದೆ."

"ಮತ್ತೆ ಹೇಳಬಾರದಾ?"

"ನಿನ್ನ ಪರ್ಸನಲ್ ಅಲ್ವಾ ಅಂತ ಸುಮ್ಮನಾದೆ. ಫ್ಯಾಷನ್ ಇರಬಹುದು ಅಂದ್ಕೊಂಡೆ." ಹುಡುಗಿ ಒಳ್ಳೆಯವಳೇ. ಹೇಳಿ ಮತ್ತೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು.

ತಮ್ಮ ಕಿಟಕಿಯ ಮುಂದೆ ಆ ಸ್ವೆಟರು ಎಷ್ಟು ದೂರ ಹೋಗುತ್ತಿತ್ತು ಎಂದು ಅರ್ಜಿದಾರಳು ಹಾಸಿಗೆಯ ಮೇಲೆ ಕೂತು ಯೋಚಿಸಿದಳು. ಹೊಸ್ತಿಲು ದಾಟುತ್ತಿರಲಿಲ್ಲ. ತಾವು ಕಿಟಕಿಯಿಂದಲೇ ಕೂಗಿ, ಒಳಗೆ ಕರೆದು, ತಿರುಗಿಸಿ ಹಾಕಿಸಿ, ಸಡಿಲ ಗುಂಡಿಯೊಂದನ್ನೂ ಹೊಲಿದು ಕಳಿಸುತ್ತಿದ್ದಿರಿ. ಆಮೇಲೆ ಊರಿಗೆಲ್ಲ ಹೇಳಿ ನಗುತ್ತಿದ್ದಿರಿ. ಅದೂ ನಿಜವೇ.

೭. ತರುವಾಯ ಜ್ವರ ಬಂದಿತು. ಗೆಳತಿ ತನ್ನ ಊರಿಗೆ ಹೋಗಿದ್ದಳು. ಅರ್ಜಿದಾರಳು ಕಂಬಳಿ ಹೊದ್ದು ಮಲಗಿದಳು. ಬಾಗಿಲ ಹೊರಗೆ ಚಪ್ಪಲಿಗಳು ಬಂದವು, ಹೋದವು, ಒಂದೂ ನಿಲ್ಲಲಿಲ್ಲ. ಟ್ಯಾಂಕಿನ ನೀರು ತುಂಬಿ ಹರಿಯುವ ಸದ್ದು ಅವಳ ಜ್ವರದ ಕಿವಿಗೆ ತಮ್ಮ ಯಂತ್ರದ ಸದ್ದಾಗಿ ಕೇಳತೊಡಗಿತು. ಕಣ್ಣು ಮುಚ್ಚಿದರೆ ಮೂರು ರಸ್ತೆಯ ಮೂಲೆ. ಯಾರೋ ಯಾರಿಗೋ "ಬೇಕರಿ ಹುಡುಗಿಗೆ ಮೈ ಕಾದಿದೆಯಂತೆ" ಅನ್ನುತ್ತಿದ್ದಾರೆ, ಬಾಗಿಲು ಬಡಿಯುತ್ತಿದ್ದಾರೆ, ಗಂಜಿಯ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಾರೆ. ಎದ್ದು ನೋಡಿದರೆ ಬಾಗಿಲಿಗೆ ಒಳಗಿನಿಂದ ಅವಳೇ ಹಾಕಿದ ಚಿಲಕ.

ಕೊನೆಗೆ ಗೋಡೆ ಹಿಡಿದು ಇಳಿದು ಔಷಧಿ ಅಂಗಡಿಗೆ ಹೋದಳು. ಅಲ್ಲಿಯ ಹುಡುಗನಿಗೆ ಜ್ವರ ಯಾವಾಗ ಬಂತು, ಗಂಟಲು ಹೇಗೆ ಉರಿಯುತ್ತದೆ, ಬಾಯಿ ಹೇಗೆ ಕಹಿಯಾಗಿದೆ ಎಂದು ಕೇಳದಿದ್ದರೂ ವಿವರಿಸಿದಳು. ಆತ ಗುಳಿಗೆಯ ಹಾಳೆ ಕತ್ತರಿಸಿ ಕೊಟ್ಟು, "ನೆಕ್ಸ್ಟ್" ಎಂದ. ಅವಳ ಹಿಂದೆ ಯಾರೂ ಇರಲಿಲ್ಲ.

೮. ಆದ್ದರಿಂದ, ರಜೆ ಸಿಕ್ಕ ಕೂಡಲೇ ಅರ್ಜಿದಾರಳು ಮನೆಗೆ ತಿಳಿಸದೆಯೇ ಬಸ್ಸು ಹತ್ತಿದಳು. ತಿಳಿಸುವ ಅಗತ್ಯವೇನಿದೆ? ಬಸ್ ಸ್ಟ್ಯಾಂಡಿನಲ್ಲಿ ಕಾಲಿಟ್ಟರೆ ಸಾಕು, ಬೇಕರಿಗೆ ತಾನಾಗಿ ಮುಟ್ಟುತ್ತದೆ. ದಾರಿಯುದ್ದಕ್ಕೂ ಬರುವ ಪ್ರಶ್ನೆಗಳಿಗೆ ಉತ್ತರಗಳನ್ನು ಬಸ್ಸಿನಲ್ಲೇ ಸಿದ್ಧ ಮಾಡಿಟ್ಟುಕೊಂಡಿದ್ದಳು. ಯಾಕೆ ತೆಳ್ಳಗಾದೆ ಎಂಬುದಕ್ಕೆ ಮೂರು ಬಗೆಯ ಉತ್ತರಗಳಿದ್ದವು.

ಮೂಲೆ ತಿರುಗಿದಳು. ಕಟಿಂಗ್ ಶಾಪಿನ ಮಾವ ನೋಡಿದರು. ಬಾಯಿ ತೆರೆದರು. ಬಾಯಿ ಮುಚ್ಚಿದರು. "ಬನ್ನಿ ಮೇಡಂ, ಕ್ಷೇಮವೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಿರಾಕಿಯ ಕಿವಿಯ ಹಿಂದೆ ಮುಖ ಹುದುಗಿಸಿದರು. ಮೇಡಂ. ಸಣ್ಣವಳಿದ್ದಾಗ ಇದೇ ಕೈ ಅವಳ ತಲೆಗೆ ಹೇನಿನ ಔಷಧಿ ತಿಕ್ಕಿತ್ತು. ಗುಳಿಗೆ ಅಣ್ಣ ಅವಳನ್ನು ಕಂಡದ್ದೇ ತಡ, ಎಣಿಸಿಟ್ಟ ಗುಳಿಗೆಗಳನ್ನು ಮತ್ತೆ ಎಣಿಸತೊಡಗಿದರು. ತಮ್ಮ ಯಂತ್ರ ಒಂದು ಕ್ಷಣ ನಿಂತಿತು, ಮತ್ತೆ ಓಡಿತು.

ಬೇಕರಿಯಲ್ಲಿ ತಾಯಿ ಅವಳನ್ನು ನೋಡಿ ಕೈಯಲ್ಲಿದ್ದ ತಟ್ಟೆ ಬೀಳಿಸಿದರು. ಅರ್ಜಿದಾರಳ ಜೀವಮಾನದಲ್ಲಿ ತಾಯಿಗೆ ಆಶ್ಚರ್ಯವಾದದ್ದನ್ನು ನೋಡಿದ್ದು ಅದೇ ಮೊದಲು.

"ಬಂದೆಯಾ? ಯಾರೂ ಹೇಳಲೇ ಇಲ್ಲವಲ್ಲೇ."

೯. ಆ ಸಂಜೆ ರಸ್ಕುಗಳನ್ನು ಡಬ್ಬಕ್ಕೆ ಜೋಡಿಸುತ್ತ ತಾಯಿ ಹೇಳಿದ ಮಾತೇ ಈ ಅರ್ಜಿಯ ತಿರುಳು. ಅದನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

"ನೀನೇನೋ ಹೇಳಿ ಹೋದೆ. ಅವರು ಅಕ್ಷರಶಃ ಪಾಲಿಸಿದರು. ಅತ್ತೆ ಎಲ್ಲರಿಗೂ ಕಟ್ಟಪ್ಪಣೆ ಮಾಡಿಬಿಟ್ಟರು, ಬೇಕರಿ ಹುಡುಗಿ ವಿಷಯ ಯಾರೂ ಎತ್ತಬಾರದು ಅಂತ. ಮೊದಲೆಲ್ಲ ಒಂದು ಬ್ರೆಡ್ಡು ತಗೊಳ್ಳೋಕೆ ಬಂದವರು ನಿನ್ನ ವಿಷಯ ಮಾತಾಡಿಯೇ ಹೋಗೋರು. ಈಗ ಬರ್ತಾರೆ, ತಗೋತಾರೆ, ಹೋಗ್ತಾರೆ. ನನಗೂ ನಿನ್ನ ಬಗ್ಗೆ ಹೇಳಬೇಕು ಅನ್ನಿಸುತ್ತೆ. ಕೇಳದೇ ಹೇಗೆ ಹೇಳಲಿ?"

ಅರ್ಜಿದಾರಳು ರಸ್ಕು ಜೋಡಿಸಲು ಕೈ ಹಾಕಿದಳು. ಎರಡು ಮುರಿದವು.

೧೦. ಪರಿಸ್ಥಿತಿಯನ್ನು ಸರಿಪಡಿಸಲು ಆಕೆ ಮೊದಲು ಅಡ್ಡದಾರಿ ಹಿಡಿದಳೆಂಬುದನ್ನು ಮುಚ್ಚಿಡುವಂತಿಲ್ಲ, ತಾವೇ ಕಣ್ಣಾರೆ ಕಂಡಿದ್ದೀರಿ. ಮೂಲೆಯ ಗೂಡಂಗಡಿಯಲ್ಲಿ ಒಂದು ಸಿಗರೇಟು ಕೊಂಡಳು. ಗೂಡಂಗಡಿಯವರು ತುಟಿ ಪಿಟಕ್ಕೆನ್ನಲಿಲ್ಲ. ಅದನ್ನು ಬಾಯಿಗಿಟ್ಟುಕೊಂಡು ನೇರ ತಮ್ಮ ಕಿಟಕಿಯ ಮುಂದೆ ನಿಂತಳು. ಹಚ್ಚಲು ಬರುತ್ತಿರಲಿಲ್ಲ. ಬೆಂಕಿಕಡ್ಡಿ ಗೀರಿದಳು, ಆರಿತು. ಮತ್ತೆ ಗೀರಿದಳು, ಬೆರಳು ಸುಟ್ಟಿತು. ಕೊನೆಗೆ ಹೇಗೋ ಹೊತ್ತಿತು, ಅದೂ ಫಿಲ್ಟರಿನ ಕಡೆಯಿಂದ. ಕೆಮ್ಮು ಬೀದಿ ಹಾರಿ ಬೀಳುವಂತೆ ಬಂತು.

ತಾವು ತಲೆ ಎತ್ತಿ ನೋಡಿದಿರಿ. ಹುಬ್ಬು ನೆತ್ತಿಗೇರಿತು. ಅರ್ಜಿದಾರಳಿಗೆ ಆಸೆ ಹುಟ್ಟಿತು. ತಾವು ಕನ್ನಡಕ ತೆಗೆದು, ಮಡಿಸಿ, ಡಬ್ಬಿಗೆ ಹಾಕಿದಿರಿ. ಕಂಡರೆ ತಾನೇ ಹೇಳಬೇಕೆನ್ನಿಸುವುದು! ಕನ್ನಡಕವಿಲ್ಲದೆಯೇ ಹೊಲಿಗೆ ಮುಂದುವರಿಸಿದ್ದರಿಂದ ಯಾರದೋ ಅಂಗಿಯ ತೋಳು ಕಾಲರಿಗೆ ಸೇರಿಕೊಂಡಿತೆಂದು ಆಮೇಲೆ ತಿಳಿಯಿತು. ಆ ಅಂಗಿಯವರಲ್ಲಿ ಅರ್ಜಿದಾರಳು ಈ ಮೂಲಕ ಕ್ಷಮೆ ಕೋರುತ್ತಾಳೆ. ಅರ್ಜಿದಾರಳು ಕಾದಳು. ಬೇಕರಿಯವರೆಗೂ ಯಾವ ಸುದ್ದಿಯೂ ಹೋಗಲಿಲ್ಲ.

೧೧. ಆದಕಾರಣ ನಿನ್ನೆ ಸಂಜೆ ಆಕೆ ತಮ್ಮ ಮನೆ ಮೆಟ್ಟಿಲು ಹತ್ತಿದಳು. ನಡೆದ ಮಾತುಕತೆಯನ್ನು ದಾಖಲೆಗಾಗಿ ಬರೆಯಲಾಗಿದೆ, ತಪ್ಪಿದ್ದರೆ ತಿದ್ದಬಹುದು.

"ಬನ್ನಿ, ಕೂತ್ಕೊಳ್ಳಿ. ಏನಾದರೂ ಹೊಲಿಸೋದಿತ್ತಾ?"

"ಅತ್ತೆ, ನನಗೆ ಬನ್ನಿ ಅನ್ನಬೇಡಿ."

"ದೊಡ್ಡವರಾಗಿದ್ದೀರಿ. ಕಾಲೇಜಿಗೆ ಹೋಗ್ತೀರಿ."

"ಅವತ್ತು ಕೋಪದಲ್ಲಿ ಅಂದೆ."

"ಕೋಪದಲ್ಲಿ ಅಂದ್ರೂ ಸರಿಯಾದ್ದೇ ಅಂದ್ರಿ. ಸೀಟಿನ ಮಾತು ನಿಮ್ಮಮ್ಮನಿಗೆ ನೀವು ಹೇಳಬೇಕಾದ್ದು. ನಾನು ಬಾಯಿ ಹಾಕಬಾರದಿತ್ತು." ತಾವು ಬಟ್ಟೆಯ ಅಂಚು ಮಡಿಸುತ್ತ ಹೇಳಿದಿರಿ. "ಶಾಲೆ ಕಾವಲುಗಾರ ಪ್ಯಾಂಟಿನ ಉದ್ದ ಕಮ್ಮಿ ಮಾಡಿಸೋಕೆ ಬಂದಿದ್ದ. ಬಂದವನು ನಿಮಗೆ ಸೀಟಾಯ್ತು ಅಂದ. ನನಗೆ ಖುಷಿ ತಡೀಲಿಲ್ಲ. ಕತ್ತರಿ ಎಲ್ಲಿಗೆ ಹಾಕ್ದೆ ಅಂತ ಗೊತ್ತಿಲ್ಲ, ಪ್ಯಾಂಟು ಮೊಣಕಾಲಿಗೆ ಬಂತು. ಅವನು ಈಗಲೂ ಅದನ್ನ ಚಡ್ಡಿ ಮಾಡಿಕೊಂಡು ಓಡಾಡ್ತಾನೆ."

ಅರ್ಜಿದಾರಳಿಗೆ ನಗು ಬಂದಿತು. ತಮಗೂ ಬಂದಿತು, ಆದರೆ ತಾವು ಅದನ್ನು ನುಂಗಿದಿರಿ.

"ಅಲ್ಲಿ ಜ್ವರ ಬಂದು ಮಲಗಿದ್ದೆ ಅತ್ತೆ. ಯಾರಿಗೂ ಗೊತ್ತಾಗಲಿಲ್ಲ. ಅಮ್ಮನಿಗೂ ಹೇಳಿಲ್ಲ."

ತಮ್ಮ ಕೈ ನಿಂತಿತು. "ಗಂಜಿ ಕೊಡೋರು?"

"ಇರಲಿಲ್ಲ."

ತಾವು ಮಡಿಸಿದ ಅಂಚನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಿಸಿದಿರಿ.

"ಮೊದಲಿನ ಹಾಗೆ ಎಲ್ಲರಿಗೂ ಹೇಳಿ ಅತ್ತೆ," ಎಂದಳು ಅರ್ಜಿದಾರಳು.

"ಬಾಯಿಮಾತಲ್ಲಿ ಬೇಡ ಅಂದ್ರಿ, ಈಗ ಬಾಯಿಮಾತಲ್ಲಿ ಬೇಕು ಅಂತೀರಿ. ಬಟ್ಟೆ ಕತ್ತರಿಸಿ ಆದಮೇಲೆ ಅಳತೆ ಬದಲಾಯಿಸೋ ಗಿರಾಕಿಗಳನ್ನ ನಾನು ಬೇಕಾದಷ್ಟು ಕಂಡಿದೀನಿ. ಬಾಯಿಮಾತು ಬೇಡ. ಬರೆದು ಕೊಡಿ. ಅಮ್ಮನ ಸಹಿ ಇರಲಿ."

ಅವಳು ಎದ್ದಾಗ ತಾವು ಕತ್ತಿನಲ್ಲಿದ್ದ ಟೇಪು ತೆಗೆದು, ಕೇಳದೆಯೇ ಅವಳ ಭುಜಕ್ಕೆ ಅಡ್ಡ ಹಿಡಿದಿರಿ. "ಒಂದಿಂಚು ಇಳಿದಿದೆ," ಎಂದು ತಮ್ಮಷ್ಟಕ್ಕೆ ಅಂದುಕೊಂಡಿರಿ.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದಾಗಿ ಮತ್ತು ಆದಕಾರಣ, ಮಾನ್ಯರಾದ ತಾವು ದಯಮಾಡಿ ಈ ಕೆಳಗಿನಂತೆ ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ:

(ಅ) ಬೇಕರಿಗೆ ಬರುವ ಪ್ರತಿಯೊಬ್ಬರೂ ಅರ್ಜಿದಾರಳ ತಾಯಿಯವರಿಗೆ "ಮಗಳು ಹೇಗಿದಾಳೆ?" ಎಂದು ಕೇಳತಕ್ಕದ್ದು, ಉತ್ತರ ಮುಗಿಯುವವರೆಗೆ ನಿಲ್ಲತಕ್ಕದ್ದು. ಉಳಿದ ಯಾವ ಕೋರಿಕೆಯೂ ಮಂಜೂರಾಗದಿದ್ದರೂ ಇದೊಂದು ಆಗಲೇಬೇಕು.

(ಆ) ಅರ್ಜಿದಾರಳ ಜ್ವರ, ನೆಗಡಿ, ಬೀಳುವಿಕೆ, ಕೂದಲು ಕತ್ತರಿಸಿಕೊಳ್ಳುವಿಕೆ, ತಿರುವುಮುರುವಾದ ಬಟ್ಟೆ ಇತ್ಯಾದಿಗಳನ್ನು ಕಂಡವರು ಕಂಡಲ್ಲೇ ಕೂಗಿ ಹೇಳುವುದು. ಸಿನಿಮಾಕ್ಕೆ ಹೋದದ್ದನ್ನೂ ಹೇಳಬಹುದು. ಸಿನಿಮಾದ ಕೊನೆಯನ್ನು ಹೇಳಕೂಡದು.

(ಇ) ಶುಭ ಸುದ್ದಿಯಿದ್ದಲ್ಲಿ ಮಾತ್ರ, ಅರ್ಜಿದಾರಳು ಬೇಕರಿಯ ಬಾಗಿಲು ದಾಟುವವರೆಗೆ ತಾವು ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಿರುವುದು. ಅರ್ಜಿದಾರಳು ಅಂಥ ದಿನ ನಿಧಾನ ನಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡುತ್ತಾಳೆ.

(ಈ) "ಬನ್ನಿ, ಕೂತ್ಕೊಳ್ಳಿ, ಮೇಡಂ" ಮುಂತಾದ ಮರ್ಯಾದೆಗಳನ್ನು ತಕ್ಷಣದಿಂದ ಜಾರಿಗೆ ಬರುವಂತೆ ರದ್ದುಪಡಿಸುವುದು.

ಇಂತು ತಮ್ಮ ಕಣ್ಣಳತೆಯಲ್ಲೇ ಬೆಳೆದ,
ಹಸಿರು ಬಾಗಿಲ ಮನೆಯ ವಿಶ್ವಾಸಿ,
ಪುಟ್ಟಿ (ಅರ್ಜಿದಾರಳು)

ಲಗತ್ತುಗಳು:
೧. ಒಳಹೊರಗಾದ ಸ್ವೆಟರು, ಒಂದು (ಗುಂಡಿ ಹೊಲಿಯುವ ಸಲುವಾಗಿ).
೨. ಮುರಿದ ರಸ್ಕು, ಎರಡು.
೩. ತಾಯಿಯವರ ಷರಾ, ಕೆಳಗಿನಂತೆ:

"ಓದಿ ನೋಡಿದೆ. ಅತ್ತೆಯವರು ದಯವಿಟ್ಟು ಒಪ್ಪಿಕೊಳ್ಳಬೇಕು. ಜ್ವರದ ವಿಷಯವೂ ಸಿಗರೇಟಿನ ವಿಷಯವೂ ನನಗೆ ಈ ಅರ್ಜಿಯಿಂದಲೇ ತಿಳಿದದ್ದು. ಅರ್ಜಿದಾರಳು ಇದನ್ನು ಕೊಟ್ಟು ನೇರ ಮನೆಗೆ ಬರಲಿ. ಸಹಿ: ತಾಯಿ."

ವಿಶೇಷ ಸೂಚನೆ: ತಾಯಿಯವರ ಸಹಿ ಹಾಕಿಸಿಕೊಂಡು ಅರ್ಜಿಯನ್ನು ತಮಗೆ ಸಲ್ಲಿಸಲು ಬರುತ್ತಿರುವಾಗ ನಡೆದ ಸಂಗತಿಯೊಂದನ್ನು ಇಲ್ಲಿ ಸೇರಿಸಬೇಕಾಗಿದೆ. ಆದ್ದರಿಂದ ಈ ಭಾಗವನ್ನು ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು ಬರೆಯಲಾಗುತ್ತಿದೆ.

ಗುಳಿಗೆ ಅಣ್ಣ ಅಂಗಡಿಯಿಂದ ಇಳಿದು ಬಂದು, ಜ್ವರ ಬಿಟ್ಟ ಮೇಲೆ ಕುಡಿಯುವ ಟಾನಿಕ್ಕು ಇದು ಎಂದು ಸೀಸೆಯೊಂದನ್ನು ಅರ್ಜಿದಾರಳ ಕೈಗೆ ತುರುಕಿದರು. ಮುಂದೆ ಬಂದರೆ ಕಟಿಂಗ್ ಶಾಪಿನ ಮಾವ ಅರ್ಧ ಮುಖ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಬಾಗಿಲಲ್ಲಿ ನಿಂತಿದ್ದರು.

"ಏ ಪುಟ್ಟಿ, ನಿಲ್ಲೇ. ಭುಜದಲ್ಲಿ ಒಂದಿಂಚು ಇಳಿದಿದೀಯಂತೆ. ಅಲ್ಲಿ ಊಟ ಹಾಕ್ತಾರೋ, ಬರೀ ಗಾಳಿ ಹಾಕ್ತಾರೋ?"

"ಗಂಜಿ ಕೊಡೋರೂ ಇರಲಿಲ್ವಂತೆ," ಎಂದು ಒಳಗಿನಿಂದ ಸೋಪಿನ ಮುಖ ಹೇಳಿತು.

"ನಮಗೊಂದು ಮಾತು ಹೇಳಬಾರದಾ? ನಾವೆಲ್ಲ ಸತ್ತಿದ್ವಾ?" ಎಂದರು ಮಾವ.

ಅರ್ಜಿದಾರಳು ಸಿದ್ಧ ಮಾಡಿಟ್ಟುಕೊಂಡಿದ್ದ ಮೂರು ಉತ್ತರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಇದರಿಂದ, ಅರ್ಜಿಯು ತಮ್ಮ ಕೈ ಸೇರುವ ಮೊದಲೇ ಪೂರ್ತಿಯಾಗಿ ಮಂಜೂರಾಗಿದೆಯೆಂದು ತಿಳಿದುಬಂದಿರುತ್ತದೆ. ಆದರೂ ಕಡತಕ್ಕಾಗಿ ಸಲ್ಲಿಸಲಾಗಿದೆ.

ಕೊನೆಯದಾಗಿ, ಬೇಕರಿ ಹುಡುಗಿ ನಡುಬೀದಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳೆಂಬ ಸುದ್ದಿಯು ಈಗಾಗಲೇ ಅರ್ಜಿದಾರಳನ್ನು ದಾಟಿ ತಮ್ಮ ಕಿಟಕಿಯ ಕಡೆಗೆ ಹೋಗಿರುವುದನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. ಅದು ಅಳುವಲ್ಲ. ಕಟಿಂಗ್ ಶಾಪಿನ ಬಾಗಿಲಲ್ಲಿ ನಿಂತವರ ಕಣ್ಣಿಗೆ ಕೂದಲು ಬೀಳುವುದು ಸಹಜ. ಈ ತಿದ್ದುಪಡಿಯನ್ನೂ ಅಷ್ಟೇ ವೇಗದಲ್ಲಿ ಊರಿಗೆಲ್ಲ ಹೇಳಬೇಕಾಗಿ ವಿನಂತಿ.